ಹೊನ್ನಮ್ಮ ಅಂಗಡಿ ಮೊಟ್ಟೆ ಕೊಂಡದ್ದು

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದುಕೊಂಡ ಮುದುಕಿಯ ಕತೆ ಎಲ್ಲರೂ ಕೇಳಿದ್ದೇ. ಬೆಳಕೆಯ ಹೊನ್ನಮ್ಮ ಅಷ್ಟು ದೂರ ಹೋದವಳಲ್ಲ. ಬೆಳಗಾಗಿಸುವ ಕೆಲಸವನ್ನು ಅವಳು ಸೂರ್ಯನಿಗೇ ಬಿಟ್ಟಿದ್ದಳು. ಆದರೆ ಮೊಟ್ಟೆಯ ವಿಷಯಕ್ಕೆ ಬಂದರೆ ಭಟ್ಕಳ ತಾಲೂಕಿನಲ್ಲಿ ತನ್ನ ಮಾತಿನ ಮೇಲೆ ಇನ್ನೊಂದು ಮಾತಿಲ್ಲ ಎಂದು ಅವಳು ಖಂಡಿತವಾಗಿ ತಿಳಿದಿದ್ದಳು. ಪೇಟೆಯಲ್ಲಿ ಯಾರ ಮನೆಯ ಬಾಣಂತಿಗೇ ಆಗಲಿ, ಹೊನ್ನಮ್ಮನ ಊರ ಕೋಳಿ ಮೊಟ್ಟೆಯೇ ಆಗಬೇಕು. ಅಂಗಡಿಯ ಬಿಳಿ ಮೊಟ್ಟೆ ಕಂಡರೆ ಅವಳು ಮುಖ ಹಿಂಡುತ್ತಿದ್ದಳು. "ಅದು ಕೋಳಿ ಇಟ್ಟದ್ದಲ್ಲ, ಮಿಷನ್ ಇಟ್ಟದ್ದು" ಎಂದು ಗಿರಾಕಿಗಳಿಗೆ ತಿಳಿಸಿ ಹೇಳುತ್ತಿದ್ದಳು.

ಇಂಥವಳ ಮೊಮ್ಮಗಳು ಅಮೂಲ್ಯಾಳಿಗೆ ಬಾಹ್ಯಾಕಾಶಕ್ಕೆ ಒಂದು ಮೊಟ್ಟೆ ಬೇಕಾಯಿತು.

ಇದು ಶುರುವಾದದ್ದು ಮಳೆಗಾಲದಲ್ಲಿ. ಅಮೂಲ್ಯಾ ಒಂಬತ್ತನೇ ತರಗತಿ ಓದುತ್ತಿದ್ದ ಹೈಸ್ಕೂಲಿಗೆ ಬಾಹ್ಯಾಕಾಶ ಪ್ರದರ್ಶನದ ಬಸ್ಸೊಂದು ಬಂದಿತ್ತು. ಮೊಮ್ಮಗಳಿಗೆ ಕೊಡೆ ಕೊಡಲು ಹೋಗಿದ್ದ ಹೊನ್ನಮ್ಮ ಟಿಕೀಟಿಲ್ಲದ ಬಸ್ಸನ್ನು ಬಿಡುವುದುಂಟೇ ಎಂದು ತಾನೂ ಹತ್ತಿದಳು. ಒಳಗೆ ಆಳೆತ್ತರದ ರಾಕೆಟ್ ಮಾದರಿ, ಉಪಗ್ರಹದ ಮಾದರಿ, ಗೋಡೆಯಲ್ಲಿ ಒಂದು ಟೀವಿ. ಆ ಟೀವಿಯಲ್ಲಿ ನಿಜವಾದ ರಾಕೆಟ್ ಹೊಗೆ ಉಗುಳಿ ನೆಲ ಬಿಟ್ಟು ಎದ್ದದ್ದನ್ನು ನೋಡಿ ಹೊನ್ನಮ್ಮನ ಕೈ ತಾನಾಗಿ ಎದೆಗೆ ಹೋಯಿತು. "ಇನ್ನೊಂದು ಸಲ ಬಿಡಿ ಅಕ್ಕೋರೇ" ಎಂದು ಬಸ್ಸಿನೊಡನೆ ಬಂದಿದ್ದ ವಿಜ್ಞಾನಿ ರೇಖಾ ಮೇಡಂ ಅವರನ್ನು ಕೇಳಿದಳು. ನಮ್ಮ ಕಡೆ ಮಕ್ಕಳಿಗೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ರೇಖಾ ಮೇಡಂ ನಕ್ಕು ಇನ್ನೊಮ್ಮೆ ತೋರಿಸಿದರು, ಮತ್ತೊಮ್ಮೆಯೂ ತೋರಿಸಿದರು. ಹಿಂದೆ ಸಾಲಿನಲ್ಲಿದ್ದ ಮಕ್ಕಳು ಗಲಾಟೆ ಮಾಡಿದ ಮೇಲಷ್ಟೇ ಅಜ್ಜಿ ಇಳಿದಳು.

ಬಸ್ಸು ಹೋಗುವಾಗ ಒಂದು ಸ್ಪರ್ಧೆಯ ಸುದ್ದಿ ಬಿಟ್ಟು ಹೋಯಿತು. ಚಂದ್ರನ ಮೇಲೆ ಇಳಿಯುವಂಥ ಲ್ಯಾಂಡರಿನ ಮಾದರಿಯನ್ನು ಮಕ್ಕಳೇ ಮಾಡಬೇಕು. ಅದರೊಳಗೆ ಗಗನಯಾತ್ರಿಯ ಬದಲು ಒಂದು ಹಸಿ ಮೊಟ್ಟೆ ಕೂರಿಸಬೇಕು. ಕುಮಟೆಯ ಕಾಲೇಜೊಂದರ ತಾರಸಿಯಿಂದ ಅದನ್ನು ಬಿಟ್ಟಾಗ, ನೆಲದಲ್ಲಿ ಸುಣ್ಣದಿಂದ ಬರೆದ ವೃತ್ತದೊಳಗೆ, ಮೊಟ್ಟೆ ಒಡೆಯದಂತೆ ಇಳಿಯಬೇಕು. ಗೆದ್ದವರಿಗೆ ಶ್ರೀಹರಿಕೋಟಾಕ್ಕೆ ಹೋಗಿ ನಿಜವಾದ ಉಡಾವಣೆ ನೋಡುವ ಭಾಗ್ಯ. ಜೊತೆಗೆ ಮನೆಯವರು ಒಬ್ಬರು ಹೋಗಬಹುದು.

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಹೊನ್ನಮ್ಮ ಮನಸ್ಸಿನಲ್ಲೇ ಶ್ರೀಹರಿಕೋಟಾದ ರೈಲು ಹತ್ತಿ ಕೂತಳು. ಅಮೂಲ್ಯಾ ಇನ್ನೂ ತೆಂಗಿನ ಹಿಡಿಕಡ್ಡಿ ಕಟ್ಟಿ ಲ್ಯಾಂಡರಿಗೆ ಕಾಲು ಮಾಡುತ್ತಿದ್ದಾಗಲೇ ಅಜ್ಜಿ ಬೆಳಕೆಯ ಅರ್ಧ ಊರಿಗೆ ತಾನು ರಾಕೆಟ್ ನೋಡಲು ಹೋಗುವ ಸುದ್ದಿ ಹಂಚಿದ್ದಳು. ಪಕ್ಕದ ಮನೆಯ ದುರ್ಗಿಯ ಹತ್ತಿರ ಒಂದು ಒಳ್ಳೆಯ ಪ್ರಯಾಣದ ಚೀಲವಿತ್ತು, ಅದನ್ನೂ ಎರವಲು ತಂದಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಸೊಸೆ ವಿನುತಾ ಗೊಣಗಿದಳು. ಹೊನ್ನಮ್ಮ ಕೇಳಿಸದವಳಂತೆ ಚೀಲದ ಜಿಪ್ಪಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು.

ಅಮೂಲ್ಯಾ ಮಾತು ಕಡಿಮೆಯ ಹುಡುಗಿ. ಹಳೆಯ ಕೊಡೆಯ ಬಟ್ಟೆಯಲ್ಲಿ ಪ್ಯಾರಾಚೂಟ್ ಹೊಲಿದಳು, ಥರ್ಮಾಕೋಲ್ ಕೆತ್ತಿ ಮೊಟ್ಟೆಗೆ ಪೀಠ ಮಾಡಿದಳು. ತೆಂಗಿನಮರ ಹತ್ತುವ ಚಿಕ್ಕಪ್ಪನನ್ನು ಕಾಡಿ ಕಾಡಿ ಮರದ ತುದಿಯಿಂದ ಅದನ್ನು ಬಿಡಿಸಿ ನೋಡಿದಳು. ಮೊದಮೊದಲು ಅಂಗಳದಲ್ಲಿ ಆಮ್ಲೆಟ್ಟಿಗಾಗುವಷ್ಟು ಮೊಟ್ಟೆ ಒಡೆಯಿತು. ಆಮೇಲೆ ಒಡೆಯುವುದು ನಿಂತಿತು. ಅದೆಲ್ಲ ಅಂಗಡಿ ಮೊಟ್ಟೆ ಎಂದು ಹೊನ್ನಮ್ಮನಿಗೆ ಗೊತ್ತಿತ್ತು. ಅಭ್ಯಾಸಕ್ಕೆ ತಾನೇ, ಮಿಷನ್ ಮೊಟ್ಟೆ ಒಡೆದರೆ ನಷ್ಟವೇನು ಎಂದು ಸುಮ್ಮನಿದ್ದಳು.

ಸ್ಪರ್ಧೆಯ ಹಿಂದಿನ ಸಂಜೆ ಅಮೂಲ್ಯಾ ಮತ್ತೊಂದು ಬಿಳಿ ಮೊಟ್ಟೆ ತಂದು ಹತ್ತಿ ಹಾಸಿದ ಸ್ಟೀಲ್ ಡಬ್ಬಿಯಲ್ಲಿಟ್ಟಳು. ದುರ್ಗಿ ಬೇಲಿಯಾಚೆ ನಿಂತಿದ್ದವಳು ಅದನ್ನು ನೋಡಿದಳು. ದುರ್ಗಿಯ ಕಣ್ಣಿಗೆ ಬೇಲಿ ಎಂದೂ ಅಡ್ಡ ಬಂದದ್ದಿಲ್ಲ.

"ಎಂತ ಹೊನ್ನಕ್ಕ, ಕೋಳಿ ಸಾಕಿದ ಮನೆಗೂ ಅಂಗಡಿ ಮೊಟ್ಟೆ ಬಂತಾ? ನಾಳೆ ಕುಮಟೆಲಿ ನಾಕ್ ಜನ ಕೇಳ್ತ್ರು, ನಿಮ್ಮನೆ ಕೋಳಿ ಎಂತ ಗೊಡ್ಡಾ ಅಂತ."

ಹೊನ್ನಮ್ಮ ಮೊಮ್ಮಗಳ ಕಡೆ ತಿರುಗಿದಳು. "ಹೌದಲ ಮಗಾ. ನಮ್ಮನೆದೇ ತಕಂಡು ಹೋದ್ರೆ ಆಗದಾ?"

"ಆಗದು ಅಜ್ಜಿ. ಅಂಗಡಿ ಮೊಟ್ಟೆ ಎಲ್ಲ ಒಂದೇ ಅಳತೆ ಇರ್ತದೆ. ನಿನ್ನ ಕೋಳಿದು ಒಂದೊಂದು ಒಂದೊಂದು ನಮೂನೆ."

ಒಂದೊಂದು ಒಂದೊಂದು ನಮೂನೆ. ಹುಡುಗಿ ಹೇಳಿದ್ದು ಅಳತೆಯ ಮಾತು, ಅಜ್ಜಿಗೆ ಕೇಳಿಸಿದ್ದು ಮನೆತನದ ಮಾತು. ಅವಳಿಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆ ಅಮೂಲ್ಯಾ ಸ್ನಾನಕ್ಕೆ ಹೋದ ಹೊತ್ತು ನೋಡಿ ಹೊನ್ನಮ್ಮ ಮೊಟ್ಟೆ ಹುಡುಕಿದಳು. ಇದ್ದ ಮೊಟ್ಟೆಯನ್ನೆಲ್ಲ ಹಿಂದಿನ ದಿನ ಪೇಟೆಯಲ್ಲಿ ಮಾರಿ ಬಂದಿದ್ದಳು. ಉಳಿದದ್ದು ಅಡುಗೆಮನೆಯ ಮೂಲೆಯ ಬುಟ್ಟಿ. ಅಲ್ಲಿ ಕೆಂಪು ಹೇಂಟೆ ಕಾವಿಗೆ ಕೂತಿತ್ತು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ ಇತ್ತು. ಕಾವಿಗೆ ಇಟ್ಟ ಒಂದೊಂದು ಮೊಟ್ಟೆಗೂ ಹೊನ್ನಮ್ಮ ಇದ್ದಿಲಿನಿಂದ ಗೆರೆ ಎಳೆದಿದ್ದಳು. ಯಾಕೆಂದರೆ ಬೇರೆ ಕೋಳಿಗಳು ಬಾಡಿಗೆಯಿಲ್ಲದ ಮನೆ ಸಿಕ್ಕಿತೆಂದು ಅದೇ ಬುಟ್ಟಿ ಹತ್ತಿ ಹೊಸ ಮೊಟ್ಟೆ ಇಟ್ಟು ಹೋಗುತ್ತವೆ. ಗೆರೆ ಇದ್ದದ್ದು ಮರಿಗೆ, ಗೆರೆ ಇಲ್ಲದ್ದು ಮನುಷ್ಯರಿಗೆ. ಹೊನ್ನಮ್ಮನ ಅತ್ತೆಯ ಕಾಲದಿಂದ ನಡೆದು ಬಂದ ಈ ಕಾನೂನು ಒಂದು ದಿನವೂ ತಪ್ಪಿರಲಿಲ್ಲ.

ಹೇಂಟೆಯ ಹೊಟ್ಟೆಯಡಿ ಕೈ ಹಾಕಿ ಒಂದೊಂದಾಗಿ ತೆಗೆದು ನೋಡಿದಳು. ಎಲ್ಲಕ್ಕೂ ಗೆರೆ. ಒಂದಕ್ಕೆ ಮಾತ್ರ ಇರಲಿಲ್ಲ. ದೇವರು ಕಣ್ಣು ಬಿಟ್ಟ ಎಂದುಕೊಂಡು ಅದನ್ನೇ ಡಬ್ಬಿಗೆ ಹಾಕಿ, ಹತ್ತಿ ಮುಚ್ಚಿ, ಬಿಳಿ ಮೊಟ್ಟೆಯನ್ನು ಉಪ್ಪಿನ ಭರಣಿಯ ಹಿಂದೆ ಅಡಗಿಸಿಟ್ಟಳು. ಹೇಂಟೆ ಕೈ ಕುಕ್ಕಿತು. ಕೋಳಿ ಕೇಳಿ ಮಸಾಲೆ ಅರೆದವರುಂಟೇ, ಹೊನ್ನಮ್ಮ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ವಿನುತಾಳಿಗೆ ಗೇರುಬೀಜದ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಹಾಗಾಗಿ ಕುಮಟೆಗೆ ಹೊರಟವರು ಅಮೂಲ್ಯಾ, ಅಜ್ಜಿ ಮತ್ತು ವಿಜ್ಞಾನದ ಭಾಸ್ಕರ ಮಾಸ್ತರು. ಬಸ್ಸಿನಲ್ಲಿ ಲ್ಯಾಂಡರ್ ಹುಡುಗಿಯ ತೊಡೆಯ ಮೇಲೆ, ಡಬ್ಬಿ ಅಜ್ಜಿಯ ಮಡಿಲಲ್ಲಿ. ಇಡಗುಂಜಿ ಕ್ರಾಸ್ ಬಂದಾಗ ಹೊನ್ನಮ್ಮ ಕೂತಲ್ಲಿಂದಲೇ ಕೈ ಮುಗಿದು, ಮೊಟ್ಟೆ ಒಡೆಯದಿದ್ದರೆ ಪಂಚಕಜ್ಜಾಯ ಮಾಡಿಸುತ್ತೇನೆಂದು ಹೇಳಿಕೊಂಡಳು. ಮೊಟ್ಟೆಯ ವಿಷಯವನ್ನು ಗಣಪತಿಯ ಹತ್ತಿರ ಹೇಳಬಹುದೋ ಬಾರದೋ ಎಂದು ಶರಾವತಿ ಸೇತುವೆ ದಾಟುವವರೆಗೂ ಅವಳಿಗೆ ಅನುಮಾನ ಕಾಡಿತು.

ಕಾಲೇಜಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಇವರು ಮುಟ್ಟುವಾಗ ನೋಂದಣಿಯ ಮೇಜು ಮುಚ್ಚುವ ಹೊತ್ತು. ತೀರ್ಪುಗಾರರಲ್ಲಿ ಒಬ್ಬರಾದ ಉಪನ್ಯಾಸಕ ನಾಗರಾಜ ಸರ್ ಮೊಟ್ಟೆ ತೋರಿಸಲು ಹೇಳಿದರು. ಅಮೂಲ್ಯಾ ಡಬ್ಬಿ ಬಿಚ್ಚಿ ಹತ್ತಿ ಸರಿಸಿದಳು. ಒಳಗೆ ಕಂದು ಬಣ್ಣದ ಪುಟ್ಟ ಮೊಟ್ಟೆ.

"ಅಜ್ಜಿ, ಇದೆಂತ?"

"ಮೊಟ್ಟೆ."

"ನಂದು ಎಲ್ಲಿ?"

"ಮನೇಲಿ ಅದೆ. ಇದು ಊರ ಕೋಳಿದು ಮಗಾ, ಸಿಪ್ಪೆ ಗಟ್ಟಿ. ನೀ ನೋಡು ಬೇಕಾದ್ರೆ."

ಅಮೂಲ್ಯಾ ಕೂಗಾಡಲಿಲ್ಲ. ಕೂಗಾಡಿದ್ದರೆ ಹೊನ್ನಮ್ಮನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ಹುಡುಗಿ ಮೊಟ್ಟೆಯನ್ನು ಥರ್ಮಾಕೋಲಿನ ಪೀಠದಲ್ಲಿಟ್ಟು ನೋಡಿದಳು. ದೊಡ್ಡವರ ಚಪ್ಪಲಿಯಲ್ಲಿ ಮಗುವಿನ ಕಾಲಿಟ್ಟಂತೆ ಅದು ಅತ್ತಿತ್ತ ಆಡಿತು. ಬೇರೆ ತರಲು ಹೊತ್ತಿರಲಿಲ್ಲ. ನಾಗರಾಜ ಸರ್ ಅದನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸಿದರು. ಬೇಯಿಸಿದ ಮೊಟ್ಟೆಯಾದರೆ ಬುಗುರಿಯಂತೆ ತಿರುಗಬೇಕು, ಇದು ಓಲಾಡಿ ನಿಂತಿತು. "ಹಸಿಯೇ" ಎಂದು ಸ್ಟಿಕರ್ ಅಂಟಿಸಿದರು. ಅಮೂಲ್ಯಾ ಪೀಠದ ಸುತ್ತ ಹತ್ತಿ ತುರುಕಿ, ಅಜ್ಜಿಯ ಕಡೆ ನೋಡದೆ ಸಾಲಿನಲ್ಲಿ ಹೋಗಿ ನಿಂತಳು.

ಹೊನ್ನಮ್ಮ ಕುರ್ಚಿಯಲ್ಲಿ ಕೂತಳು. ಸಾಲಿನಲ್ಲಿ ಏನೋ ಗಲಿಬಿಲಿಯಾದದ್ದು ಕಂಡಿತು. ಅಮೂಲ್ಯಾಳ ಹಿಂದಿದ್ದ ಹೊನ್ನಾವರದ ಹುಡುಗಿ ಸುಪ್ರಿಯಾ ಕೈ ತೋರಿಸಿ ಏನೋ ದೂರುತ್ತಿದ್ದಳು. ನಾಗರಾಜ ಸರ್ ಬಂದು ಲ್ಯಾಂಡರಿನೊಳಗೆ ತಡಕಾಡಿದರು, ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು, ತಲೆ ಅಲ್ಲಾಡಿಸಿದರು. ಭಾಸ್ಕರ ಮಾಸ್ತರು ಹೋಗಿ ವಿಚಾರಿಸಿ ಬಂದರು.

"ಒಳಗಿಂದ ಬೀಪ್ ಬೀಪ್ ಅಂತ ಶಬ್ದ ಬತ್ತದಂತೆ. ಬ್ಯಾಟರಿ ಹಾಕಿ ಎಂತೋ ಮಾಡಿದ್ರು ಅಂತ ಆ ಹುಡುಗಿ ಹೇಳ್ತದೆ. ಸರ್ ಕೈಯಲ್ಲಿ ಹಿಡ್ದು ನೋಡಿದ್ರು, ಆಗ ಎಂತ ಶಬ್ದನೂ ಇಲ್ಲ."

"ಮೊಟ್ಟೆ ಒಳಗೆ ಎಂತ ಶಬ್ದ ಬತ್ತದೆ ಮಾಸ್ತ್ರೇ" ಎಂದು ಹೊನ್ನಮ್ಮ ನಕ್ಕಳು. ಕಲಿತವರ ಬುದ್ಧಿಗೆ ಇಷ್ಟು ನಕ್ಕದ್ದು ಅವಳಿಗೆ ಆ ದಿನದ ಕೊನೆಯ ಸುಖ.

ಅಮೂಲ್ಯಾಳ ಸರದಿ ಬಂತು. ತಾರಸಿಯ ಅಂಚಿನಲ್ಲಿ ಅವಳ ಜಡೆ ಕಂಡಿತು, ಆಮೇಲೆ ಲ್ಯಾಂಡರ್ ಗಾಳಿಗೆ ಬಂತು. ಕೊಡೆಬಟ್ಟೆ ಅರಳಿತು. ಹೊನ್ನಮ್ಮ ಎದ್ದು ನಿಂತಳು. ಅಷ್ಟು ಚಂದ ಇಳಿಯುತ್ತಿದ್ದದ್ದು ಅರ್ಧ ದಾರಿಯಲ್ಲಿ ಒಂದು ಬದಿಗೆ ವಾಲಿತು. ಪುಟ್ಟ ಮೊಟ್ಟೆ ಒಳಗೆ ಜಾರಿತ್ತು. ಸುಣ್ಣದ ಗೆರೆಯ ಮೇಲೆ ಒಂದು ಕಾಲೂರಿ, ಕುಪ್ಪಳಿಸಿ, ಲ್ಯಾಂಡರ್ ಮಗ್ಗುಲಾಯಿತು.

ಇನ್ನೊಬ್ಬ ತೀರ್ಪುಗಾರರಾಗಿದ್ದ ರೇಖಾ ಮೇಡಂ ಬಗ್ಗಿ ಮೊಟ್ಟೆ ತೆಗೆದರು. "ಒಡೆದಿದೆ" ಎಂದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ನಾಗರಾಜ ಸರ್ ಸೊನ್ನೆ ಬರೆದರು. ಅಷ್ಟು ಹೊತ್ತಿಗೆ ಅಮೂಲ್ಯಾ ಮೆಟ್ಟಿಲಿಳಿದು ಓಡಿ ಬಂದಿದ್ದಳು. ಮೊಟ್ಟೆಯನ್ನು ನೋಡಿದಳು, ಲ್ಯಾಂಡರನ್ನು ನೋಡಿದಳು. "ನನ್ನ ಲೆಕ್ಕನೇ ತಪ್ಪಿತ್ತು ಕಾಣ್ತದೆ" ಎಂದು ಮಾಸ್ತರಿಗೆ ಹೇಳಿದಳು. ಹೇಳುತ್ತಲೇ ಕೊಡೆಬಟ್ಟೆಯನ್ನು ಮಡಚತೊಡಗಿದಳು.

ಹೊನ್ನಮ್ಮನೂ ಹತ್ತಿರ ಬಂದು ಮೊಟ್ಟೆಯನ್ನು ನೋಡಿದಳು. ನೋಡಿದವಳ ಕಾಲು ಅಲ್ಲೇ ನಿಂತಿತು.

ಸಿಪ್ಪೆಯ ದಪ್ಪ ತುದಿಯಲ್ಲಿ ಒಂದು ಚಿಕ್ಕ ಬಿರುಕು. ಬಿರುಕಿನ ಚೂರು ಒಳಗೆ ಕುಸಿದಿರಲಿಲ್ಲ, ಹೊರಗೆ ಉಬ್ಬಿತ್ತು. ಒಂದು ಹನಿ ಲೋಳೆಯೂ ಸೋರಿರಲಿಲ್ಲ. ಅಂಥ ಬಿರುಕನ್ನು ಅವಳು ಜೀವಮಾನದಲ್ಲಿ ಎಷ್ಟು ನೋಡಿದ್ದಳೋ. ಅದು ಬಿದ್ದು ಒಡೆದ ಮೊಟ್ಟೆಯಲ್ಲ. ಒಳಗಿನಿಂದ ಮರಿ ಕುಕ್ಕಿದ ಮೊಟ್ಟೆ.

ಈಗ ಹೊನ್ನಮ್ಮನ ಸಂಕಟ ಕೇಳಬೇಕು. ಬಾಯಿ ಬಿಟ್ಟರೆ, ಬೆಳಕೆಯ ಹೊನ್ನಮ್ಮ ಕಾವಿನ ಮೊಟ್ಟೆಗೂ ಹೊಸ ಮೊಟ್ಟೆಗೂ ವ್ಯತ್ಯಾಸ ತಿಳಿಯದವಳು ಎಂದು ಮೂರು ತಾಲೂಕಿನ ಎದುರು ಸಾರಿದಂತೆ. ಸಂಜೆಯೊಳಗೆ ಸುದ್ದಿ ಊರು ಮುಟ್ಟುತ್ತದೆ, ನಾಳೆ ಬಾಣಂತಿಯರ ಮನೆಯಲ್ಲಿ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುತ್ತಾರೆ, ದುರ್ಗಿ ಬೇಲಿಯಾಚೆ ನಿಂತು ಸಾಯುವವರೆಗೂ ನಗುತ್ತಾಳೆ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಒಡೆದ ಮೊಟ್ಟೆ ಕಸದ ಬುಟ್ಟಿಗೆ ಹೋಗುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ತನ್ನ ಲೆಕ್ಕ ತಪ್ಪೆಂದುಕೊಂಡ ಹುಡುಗಿ ಮಾತ್ರ ಇನ್ನೆಂದೂ ತೆಂಗಿನ ಮರದತ್ತ ತಲೆ ಎತ್ತಿ ನೋಡಲಾರಳು.

ಹೊನ್ನಮ್ಮ ಸೆರಗು ಸರಿಮಾಡಿಕೊಂಡಳು.

"ಅಕ್ಕೋರೇ, ಅದನ್ನ ಕೆಳಗೆ ಇಡಬ್ಯಾಡಿ. ಅದರೊಳಗೆ ಮರಿ ಅದೆ."

ಎಲ್ಲರೂ ತಿರುಗಿದರು.

"ನಾ ಗೊತ್ತಿಲ್ದೆ ಕಾವಿಗೆ ಇಟ್ಟ ಮೊಟ್ಟೆ ತಂದೆ. ಮಗು ಬ್ಯಾಡ ಹೇಳಿತ್ತು, ಅಂಗಡಿ ಮೊಟ್ಟೆಗೇ ಅಳತೆ ಮಾಡಿ ಇಟ್ಟಿತ್ತು. ನಾ ಕದ್ದು ಬದಲು ಮಾಡಿದೆ. ಅದರ ಲೆಕ್ಕ ತಪ್ಪಲ್ಲ. ತಪ್ಪು ನಂದು."

ರೇಖಾ ಮೇಡಂ ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದರು. ಕೀಂವ್ ಎಂದಿತು. ಅವರು ಕಿವಿಯಿಂದ ತೆಗೆದು ನೋಡಿ, ಮತ್ತೆ ಹಿಡಿದು, ನಗಲು ಶುರುಮಾಡಿದರು. "ಬೀಪರ್ ಸಿಕ್ತು ಸರ್" ಎಂದು ನಾಗರಾಜ ಸರ್ ಕಿವಿಗೂ ಹಿಡಿದರು. ಶಾಮಿಯಾನವೆಲ್ಲ ನಕ್ಕಿತು. ಹೊನ್ನಮ್ಮ ನೆಲ ನೋಡಿದಳು. ಅಮೂಲ್ಯಾ ನಗಲಿಲ್ಲ, ಅಜ್ಜಿಯನ್ನೇ ನೋಡುತ್ತಿದ್ದಳು.

ಹೊನ್ನಾವರದವರು ಬಿಡುತ್ತಾರೆಯೇ. ಮೊಟ್ಟೆ ಯಾವ ಕಡೆಯಿಂದ ಒಡೆದರೂ ಒಡೆದದ್ದೇ ಎಂದು ಅವರ ಮಾಸ್ತರು ವಾದ ಹೂಡಿದರು. ರೇಖಾ ಮೇಡಂ ಯೋಚಿಸಿದರು.

"ಹಸಿ ಮೊಟ್ಟೆ ಇರಬೇಕು ಅನ್ನೋದು ನಿಯಮ. ಇದು ಹಸಿ ಮೊಟ್ಟೆ ಅಲ್ಲ, ಹೆಚ್ಚುಕಡಿಮೆ ಕೋಳಿ. ಅಂದ್ರೆ ಈ ಹುಡುಗಿ ಇನ್ನೂ ಮೊಟ್ಟೆ ಇಳಿಸಿಯೇ ಇಲ್ಲ. ಹಸಿ ಅಂತ ಸ್ಟಿಕರ್ ಹಚ್ಚಿದವರು ನಾವು, ಹಾಗಾಗಿ ತಪ್ಪಲ್ಲಿ ನಮಗೂ ಪಾಲಿದೆ. ಉಳಿದವರ ಸರದಿ ಮುಗಿಯೋದ್ರೊಳಗೆ ಸರಿಯಾದ ಮೊಟ್ಟೆ ತಂದ್ರೆ ಒಂದು ಅವಕಾಶ ಕೊಡೋಣ."

ಸುಪ್ರಿಯಾ ಮುಖ ದಪ್ಪ ಮಾಡಿದಳು, ಆದರೆ ಮರಿಯ ದನಿ ಕೇಳಲು ಅವಳೂ ಹತ್ತಿರ ಬಂದು ಕಿವಿಯೊಡ್ಡಿದಳು.

"ನಾ ತಕಂಡು ಬತ್ತೆ" ಎಂದು ಹೊನ್ನಮ್ಮ ಹೊರಟೇಬಿಟ್ಟಳು. ನಾಲ್ಕು ಹೆಜ್ಜೆ ಹೋಗಿ ಹಿಂದೆ ಬಂದು ರೇಖಾ ಮೇಡಂ ಅವರ ಎರಡೂ ಕೈಯನ್ನು ಹಿಡಿದು ಮೊಟ್ಟೆಯ ಸುತ್ತ ಮುಚ್ಚಿದಳು. "ಹೀಂಗೇ ಹಿಡ್ಕಣಿ ಅಕ್ಕೋರೇ. ತಂಡಿ ಆದ್ರೆ ಕೂಗ್ತದೆ, ಬೆಚ್ಚಗಿದ್ರೆ ಸುಮ್ನಿರ್ತದೆ." ಉಪಗ್ರಹ ಹಾರಿಸುವ ಕೈ ಆಮೇಲೆ ಪೆನ್ನು ಹಿಡಿಯಲಾಗದೆ, ನೀರು ಕುಡಿಯಲಾಗದೆ, ಹಾಗೇ ಕಾವು ಕೊಡುತ್ತ ಕೂತಿತು.

ಕಾಲೇಜಿನ ಗೇಟಿನಾಚೆ ರಸ್ತೆಬದಿಯಲ್ಲೇ ಕಿರಾಣಿ ಅಂಗಡಿ. ಏದುಸಿರು ಬಿಡುತ್ತ ಬಂದ ಮುದುಕಿಯನ್ನು ಕಂಡು ಅಂಗಡಿಯವನಿಗೆ ಕನಿಕರ ಬಂತು.

"ಎಂತ ಬೇಕಮ್ಮ?"

"ಮೊಟ್ಟೆ. ಒಂದೇ ಒಂದು."

"ಒಳ್ಳೆ ಊರ ಕೋಳಿದೂ ಅದೆ. ಅದೇ ಕೊಡ್ಲಾ?"

ಹೊನ್ನಮ್ಮ ಹಿಂದೆ ಮುಂದೆ ನೋಡಿದಳು. ಬೆಳಕೆಯ ಕಡೆಯವರು ಯಾರೂ ಕಾಣಲಿಲ್ಲ.

"ಬ್ಯಾಡ" ಎಂದಳು. "ಬಿಳೀದೇ ಕೊಡು."

ಅವನು ಚೀಲಕ್ಕೆ ಹಾಕಲು ಹೋದ, ಅವಳು ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ದೇವರ ಪ್ರಸಾದ ತಂದಂತೆ ತಂದಳು. ಆ ಮಿಷನ್ ಮೊಟ್ಟೆಯನ್ನು ಅವಳು ಅಷ್ಟು ಜೋಪಾನ ಮಾಡಿದ್ದನ್ನು ಅವಳ ಕೋಳಿಗಳು ಕಂಡಿದ್ದರೆ ಮನೆ ಬಿಟ್ಟು ಹೋಗುತ್ತಿದ್ದವು.

ಅಮೂಲ್ಯಾ ಮೊಟ್ಟೆ ತೆಗೆದುಕೊಂಡು ಪೀಠದಲ್ಲಿಟ್ಟಳು. ಕೀಲಿ ಬೀಗಕ್ಕೆ ಕೂತಂತೆ ಕೂತಿತು. ಹತ್ತಿ ಎಲ್ಲ ಕಿತ್ತು ಅಜ್ಜಿಯ ಕೈಗೆ ಕೊಟ್ಟು, ತಾರಸಿಗೆ ಹೋದಳು.

ಈ ಸಲ ಹೊನ್ನಮ್ಮನಿಗೆ ನೋಡಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ನಿಂತಳು. ಸುತ್ತಲಿನವರು ಸುಮ್ಮನಾದದ್ದು ಗೊತ್ತಾಯಿತು. ಆಮೇಲೆ ಚಪ್ಪಾಳೆ ಕೇಳಿ ಕಣ್ಣು ಬಿಟ್ಟರೆ, ಸುಣ್ಣದ ವೃತ್ತದ ನಟ್ಟನಡುವೆ ಲ್ಯಾಂಡರ್ ನಾಲ್ಕು ಕಾಲೂರಿ ನಿಂತಿತ್ತು, ಕೊಡೆಬಟ್ಟೆ ಪಕ್ಕದಲ್ಲಿ ಮಲಗಿತ್ತು. ಒಳಗೆ ಬಿಳಿ ಮೊಟ್ಟೆ ಒಂದು ಗೀರೂ ಇಲ್ಲದೆ ಕೂತಿತ್ತು. ಅಷ್ಟು ನಡುವೆ ಆ ದಿನ ಬೇರೆ ಯಾರದ್ದೂ ಇಳಿದಿರಲಿಲ್ಲ. ಎರಡನೆಯ ಸ್ಥಾನ ಸುಪ್ರಿಯಾಳಿಗೆ ಹೋಯಿತು.

ರೇಖಾ ಮೇಡಂ ಕೈ ಖಾಲಿಯಿಲ್ಲದ್ದರಿಂದ ಬಹುಮಾನವನ್ನು ನಾ​ಗರಾಜ ಸರ್ ಕೊಟ್ಟರು. "ನಿನ್ನ ಜೊತೆ ಉಡಾವಣೆ ನೋಡೋಕೆ ಯಾರು ಬರ್ತಾರೆ? ಹೆಸರನ್ನ ನಾಳೆ ಮಾಸ್ತರ ಹತ್ರ ಹೇಳಿಬಿಡು" ಎಂದರು ರೇಖಾ ಮೇಡಂ. ಅಮೂಲ್ಯಾ ತಲೆಯಾಡಿಸಿದಳು, ಯಾರ ಹೆಸರನ್ನೂ ಹೇಳಲಿಲ್ಲ. ಹೊನ್ನಮ್ಮನೂ ಕೇಳಲಿಲ್ಲ. ಕೇಳುವ ಮುಖ ತನಗೆಲ್ಲಿದೆ ಎಂದುಕೊಂಡಳು. ಬಿರುಕು ಬಿಟ್ಟ ಮೊಟ್ಟೆಯನ್ನು ಅದೇ ಹತ್ತಿಯಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು.

ಬಸ್ಸು ಹೊನ್ನಾವರ ದಾಟಿತು. ಆಮೇಲೆ ಅಮೂಲ್ಯಾ ಕಿಟಕಿ ನೋಡುತ್ತಲೇ ಬಾಯಿ ಬಿಟ್ಟಳು.

"ಅಜ್ಜಿ, ಆ ಮೊಟ್ಟೆಗೆ ಗೆರೆ ಇರಲಿಲ್ಲ ಅಲ್ದಾ?"

"ಇರಲಿಲ್ಲ ಮಗಾ. ಅದೇ ತಿಳಿತಿಲ್ಲೆ ನಂಗೆ."

"ನಾನೇ ಅಳಿಸಿದ್ದು. ಮೊದಲು ನಿನ್ನ ಮೊಟ್ಟೆನೇ ಕೂರಿಸ್ವ ಅಂತ ತೂಕ ನೋಡುಕೆ ಬುಟ್ಟಿಂದ ಒಂದು ತಕಂಡಿದ್ದೆ. ಮಸಿ ಕೈಗೆ ಹತ್ತುತ್ತದೆ ಅಂತ ಒರೆಸಿ, ಹಾಂಗೇ ತಿರುಗಿ ಇಟ್ಟೆ."

ಬೇರೆ ದಿನವಾಗಿದ್ದರೆ ಹೊನ್ನಮ್ಮ ಈ ಮಾತನ್ನು ಹಿಡಿದು ಬೆಳಕೆಯವರೆಗೆ ಎಳೆಯುತ್ತಿದ್ದಳು. ಅರ್ಧ ತಪ್ಪು ಹಂಚಿಕೊಳ್ಳಲು ಜನ ಸಿಕ್ಕಿದರೆ ಯಾರು ಬಿಡುತ್ತಾರೆ. ಆದರೆ ಅವಳಿಗೆ ಅದರಲ್ಲಿ ಕೇಳಿಸಿದ್ದು ಒಂದೇ: ಹುಡುಗಿ ಮೊದಲು ತನ್ನ ಮೊಟ್ಟೆಯನ್ನೇ ನೆನೆಸಿದ್ದಳು. "ಆತು ಬಿಡು" ಎಂದಳು. ಅವಳ ಕಣ್ಣು ತುಂಬಿತ್ತು.

ಬೆಳಕೆಯ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ದುರ್ಗಿ. ಭಾಸ್ಕರ ಮಾಸ್ತರ ಫೋನು ಗೆದ್ದ ಸುದ್ದಿಯನ್ನು ಮೊದಲೇ ಊರಿಗೆ ಮುಟ್ಟಿಸಿತ್ತು.

"ಗೆದ್ರಂತೆ ಹೊನ್ನಕ್ಕ. ಕಡೆಗೆ ನಿಮ್ಮನೆ ಮೊಟ್ಟೆನೇ ಗೆದ್ದದ್ದಾ?"

ಹೌದು ಎಂದರೆ ಮುಗಿಯಿತು. ಮಾಸ್ತರು ಮೊಟ್ಟೆಯ ವಿವರಕ್ಕೆ ಹೋಗಿರಲಿಲ್ಲ. ಅಮೂಲ್ಯಾ ಅಜ್ಜಿಯ ಮುಖ ನೋಡಿದಳು.

"ಇಲ್ಲ ದುರ್ಗಿ. ನಾ ಕಾವಿನ ಮೊಟ್ಟೆ ತಕಂಡು ಹೋಗಿ ಎಲ್ಲ ಹಾಳು ಮಾಡಿದ್ದೆ. ಗೆದ್ದದ್ದು ಅಂಗಡಿ ಮೊಟ್ಟೆ. ನಾನೇ ಕೊಂಡು ತಂದೆ."

ದುರ್ಗಿ ನಗಲು ತಯಾರಾಗಿ ಬಂದಿದ್ದಳು. ಹೀಗೆ ಬಾಗಿಲು ತೆರೆದಿಟ್ಟರೆ ನಗುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ನಿನ್ನ ಚೀಲ ನಾಳೆ ತಂದು ಕೊಡ್ತೆ" ಎಂದು ಹೊನ್ನಮ್ಮ ಮೆಲ್ಲಗೆ ಹೇಳಿದಳು. "ರಾಕೆಟ್ ನೋಡುಕೆ ವಿನುತಾ ಹೋಗ್ಲಿ, ಅವಳಿಗೆ ಅವಳದ್ದೇ ಚೀಲ ಅದೆ."

"ಚೀಲ ಈಗ ಬ್ಯಾಡ ದುರ್ಗಜ್ಜಿ" ಎಂದಳು ಅಮೂಲ್ಯಾ. "ರಾಕೆಟ್ ನೋಡುಕೆ ಹೋಗುವಾಗ ಅಜ್ಜಿಗೆ ಬೇಕು. ನಾವು ಬರುವಲ್ಲಿವರೆಗೆ ಕೋಳಿಗೆ ಕಾಳು ನೀನೇ ಹಾಕ್ಬೇಕು. ಗೆರೆ ಇಲ್ಲದ ಮೊಟ್ಟೆ ಕಂಡ್ರೆ ಮಾತ್ರ ಮುಟ್ಬ್ಯಾಡ."

ಹೊನ್ನಮ್ಮನ ಮಡಿಲಿನಲ್ಲಿದ್ದದ್ದು ಕೀಂವ್ ಎಂದಿತು, ಅವಳು ಅದರ ಮೇಲೆ ಅಂಗೈ ಮುಚ್ಚಿಕೊಂಡು ಮನೆಯ ದಾರಿ ಹಿಡಿದಳು.